ಡಿಸ್ಕ್ ಇಲ್ಲದ ಪಿಎಸ್‌ಪಿ ಗೋ: ಗೇಮ್ ಕೊಂಡವರಿಗೆ ಸಿಟ್ಟು ಬಂದದ್ದೇಕೆ?

ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಸಾಧನ ಪಿಎಸ್‌ಪಿ ಮಂಗಳೂರಿನ ಎಷ್ಟೋ ಮನೆಗಳಿಗೆ ಬಂದದ್ದು ಗಲ್ಫ್ ದಾರಿಯಲ್ಲಿ. ದುಬೈಯಿಂದಲೋ ಮಸ್ಕತ್‌ನಿಂದಲೋ ರಜೆಗೆ ಬರುವ ಮಾವ ಒಂದು ತಂದರೆ ಮುಗೀತು, ಅದು ಒಬ್ಬರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅಣ್ಣ ಆಡಿ ಮುಗಿಸಿದ ಗೇಮ್ ತಮ್ಮನಿಗೆ, ಅವನಿಂದ ಪಕ್ಕದ ಮನೆಯ ಹುಡುಗನಿಗೆ. ಗೇಮ್ ಯುಎಂಡಿ ಎಂಬ ಪುಟ್ಟ ಡಿಸ್ಕ್‌ನಲ್ಲಿ ಇರುತ್ತಿತ್ತು. ಕೊಡಬಹುದಿತ್ತು, ಮಾರಬಹುದಿತ್ತು.

2009ರ ಅಕ್ಟೋಬರ್ 1ರಂದು ಅಮೆರಿಕ ಮತ್ತು ಯುರೋಪ್‌ನಲ್ಲಿ ಸೋನಿ ಬಿಡುಗಡೆ ಮಾಡಿದ ಪಿಎಸ್‌ಪಿ ಗೋದಲ್ಲಿ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ. ಗೇಮ್‌ಗಳನ್ನು ಸೋನಿಯ ಆನ್‌ಲೈನ್ ಅಂಗಡಿಯಾದ ಪ್ಲೇಸ್ಟೇಷನ್ ಸ್ಟೋರ್‌ನಿಂದ ಇಳಿಸಿಕೊಳ್ಳಬೇಕು, 16 ಜಿಬಿ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಸಾಧನ ಚೆಂದವೇ ಇತ್ತು. ಹಗುರ, ಜೇಬಿಗೆ ಹೋಗುವಷ್ಟು ಸಣ್ಣದು. ಪರದೆಯನ್ನು ಮೇಲಕ್ಕೆ ಸರಿಸಿದರೆ ಕೆಳಗೆ ಬಟನ್‌ಗಳು.

ಆದರೆ ಬೆಲೆ ಸುಮಾರು 250 ಡಾಲರ್. ಡಿಸ್ಕ್ ಹಾಕುವ ಪಿಎಸ್‌ಪಿ-3000 ಆಗ ಸುಮಾರು 170 ಡಾಲರ್‌ಗೆ ಸಿಗುತ್ತಿತ್ತು. ಒಂದು ಸೌಲಭ್ಯ ಕಿತ್ತುಕೊಂಡು ಜಾಸ್ತಿ ದುಡ್ಡು ಕೇಳಿದರೆ ಯಾರು ಸುಮ್ನಿರುತ್ತಾರೆ? ಇನ್ನೂ ನೋವಾದದ್ದು ಹಳೆಯ ಗಿರಾಕಿಗಳಿಗೆ. ತಮ್ಮ ಬಳಿ ಇದ್ದ ಡಿಸ್ಕ್‌ಗಳ ಬದಲು ಡೌನ್‌ಲೋಡ್ ಪ್ರತಿ ಸಿಗಬಹುದು ಎಂದು ಅವರು ಕಾದಿದ್ದರು. ಕಾನೂನು ಮತ್ತು ತಾಂತ್ರಿಕ ಕಾರಣ ಹೇಳಿ ಸೋನಿ ಆಗುವುದಿಲ್ಲ ಎಂದಿತು. ಯುರೋಪ್‌ನಲ್ಲಿ ಮೂರು ಉಚಿತ ಗೇಮ್ ಕೊಟ್ಟಿತು, ಅಷ್ಟೇ. ದುಡ್ಡು ಕೊಟ್ಟು ಕೊಂಡ ಗೇಮ್‌ಗೆ ಮತ್ತೊಮ್ಮೆ ದುಡ್ಡು ಕೊಡಬೇಕು ಅಂದರೆ ಅದು ಅನ್ಯಾಯ. ಅಂಗಡಿಯವರೂ ಮುನಿಸಿಕೊಂಡರು. ಡಿಸ್ಕ್ ಇಲ್ಲದಿದ್ದರೆ ಅವರಿಗೆ ಗೇಮ್ ಮಾರಾಟವೂ ಇಲ್ಲ, ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಇಲ್ಲ. ಯುರೋಪ್‌ನ ಕೆಲವು ಅಂಗಡಿಗಳು ಗೋ ಇಡಲು ಒಪ್ಪಲೇ ಇಲ್ಲ.

ನಮ್ಮ ಊರಿಗೆ ಬೇರೆಯೇ ಒಂದು ತೊಂದರೆ ಇತ್ತು. ಆಗ ಭಾರತದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗ ಇದ್ದರೆ ಅದನ್ನೇ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. ಆ ವೇಗದಲ್ಲಿ 1 ಜಿಬಿ ಗೇಮ್ ಇಳಿಯಲು ಎಂಟೂವರೆ ಗಂಟೆಗೂ ಜಾಸ್ತಿ ಬೇಕು. ನಡುವೆ ಕರೆಂಟ್ ಹೋಗಬಾರದು. ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಇದು ಆಗುವ ಮಾತೇ?

2010ರಲ್ಲಿ ಗೋದ ಬೆಲೆ 199 ಡಾಲರ್‌ಗೆ ಇಳಿಯಿತು. 2011ರಲ್ಲಿ ಉತ್ತರ ಅಮೆರಿಕದ ಹೊರಗೆ ಅದನ್ನು ನಿಲ್ಲಿಸುತ್ತೇವೆ ಎಂದು ಸೋನಿ ಹೇಳಿತು. ಅದೇ ವರ್ಷದ ಕೊನೆಗೆ ಜಪಾನ್‌ನಲ್ಲಿ ಬಂದ ಸೋನಿಯ ಮುಂದಿನ ಕೈ ಸಾಧನ ವೀಟಾದಲ್ಲಿ ಗೇಮ್ ಕಾರ್ಡ್ ಹಾಕುವ ಜಾಗ ಇತ್ತು.

ಗೋ ಸೋತದ್ದು ಜನ ಹೊಸದಕ್ಕೆ ಹೆದರಿದ್ದರಿಂದ ಎಂದು ಈಗಲೂ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಂತರ ನಡೆದದ್ದನ್ನು ನೋಡಿ. 2021ರ ಮಾರ್ಚ್‌ನಲ್ಲಿ ಟಿವಿಗೆ ಜೋಡಿಸಿ ಆಡುವ ಪಿಎಸ್3 ಮತ್ತು ವೀಟಾ ಎರಡರ ಸ್ಟೋರ್‌ಗಳನ್ನೂ ಮುಚ್ಚುತ್ತೇವೆ, ಪಿಎಸ್‌ಪಿಯಲ್ಲಿ ಉಳಿದಿದ್ದ ಖರೀದಿಯನ್ನೂ ನಿಲ್ಲಿಸುತ್ತೇವೆ ಎಂದು ಸೋನಿ ಹೇಳಿತು. ಗಿರಾಕಿಗಳು ಗಲಾಟೆ ಮಾಡಿದ ಮೇಲೆ ಮೊದಲ ಎರಡನ್ನು ಉಳಿಸಿತು. ಪಿಎಸ್‌ಪಿಯಲ್ಲಿ ಖರೀದಿ ಮಾತ್ರ ಆ ಜುಲೈಯಲ್ಲಿ ನಿಂತೇ ಹೋಯಿತು. ಡಿಸ್ಕ್ ಇರುವವರು ಸೆಕೆಂಡ್ ಹ್ಯಾಂಡ್ ಗೇಮ್ ಹುಡುಕಬಹುದು. ಗೋ ಇಟ್ಟುಕೊಂಡವರಿಗೆ ಆ ದಾರಿಯೂ ಇಲ್ಲ, ಅಲ್ವಾ? 2023ರ ಮಾರ್ಚ್‌ನಲ್ಲಿ ಸೋನಿಯ ಪ್ರತಿಸ್ಪರ್ಧಿ ನಿಂಟೆಂಡೊ ಕೂಡ ತನ್ನ ಕೈ ಸಾಧನ 3ಡಿಎಸ್‌ನ ಸ್ಟೋರ್‌ನಲ್ಲಿ ಮಾರಾಟ ನಿಲ್ಲಿಸಿತು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಗೇಮ್ ಮಾರುವವರು, ಗಿರಾಕಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ನಮ್ಮಲ್ಲೂ ದುಡ್ಡು ತೆಗೆದುಕೊಳ್ಳುವ ಮೊದಲೇ ಇಷ್ಟನ್ನು ಕನ್ನಡದಲ್ಲಿ ಹೇಳಲಿ. ಸ್ಟೋರ್ ಎಷ್ಟು ವರ್ಷ ತೆರೆದಿರುತ್ತದೆ ಎಂಬುದನ್ನೂ ಹೇಳಲಿ.