ರ‍್ಯಾಕ್ ಸ್ಯಾಂಪ್ಲರಿನ ಫ್ಯಾನ್ ಬದಲಿಸುವುದು: ಸದ್ದು, ಗಾಳಿ ಮತ್ತು ಶಾಖದ ಲೆಕ್ಕ

ಧ್ವನಿಮುದ್ರಣದ ಕೋಣೆಯಲ್ಲಿ ಹಳೆಯ ರ‍್ಯಾಕ್ ಸ್ಯಾಂಪ್ಲರೊಂದು (ದಾಖಲಿಸಿಟ್ಟ ಧ್ವನಿಗಳನ್ನು ನುಡಿಸುವ ಯಂತ್ರ) ಗುಂಯ್‌ಗುಡತೊಡಗಿದಾಗ ಹೊಸ ಫ್ಯಾನ್ ಕೊಳ್ಳಲು ಹೊರಡುವ ಮೊದಲು ಆ ಸದ್ದು ಯಾವ ಬಗೆಯದೆಂದು ಗುರುತಿಸಿಕೊಳ್ಳಬೇಕು. ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ಒತ್ತಿದಾಗ ಸದ್ದು ತಗ್ಗಿದರೆ ಅದು ತಗಡಿನ ನಡುಕ. ಸ್ಕ್ರೂ ಬಿಗಿಮಾಡಿದರೆ ಸಾಕಾಗಬಹುದು. ಕರಕರ ಸದ್ದು ಕೇಳಿಬಂದರೆ ಬೇರಿಂಗ್ ಸವೆದಿದೆ ಎಂದು ಶಂಕಿಸಬೇಕು. ವಿದ್ಯುತ್ ತೆಗೆದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದಾಗ ಅದು ತಡವರಿಸಿ ನಿಲ್ಲುವುದು ಅಥವಾ ರೆಕ್ಕೆಗಳ ನಡುವಿನ ಗುಂಭ ಅಲ್ಲಾಡುವುದು ಕಂಡರೆ ಶಂಕೆ ಖಚಿತವಾಗುತ್ತದೆ.

ಇವೆರಡೂ ಅಲ್ಲದ ಸದ್ದು ಸಾಮಾನ್ಯವಾಗಿ ರೆಕ್ಕೆಗಳದ್ದು, ಮತ್ತು ಸಂಗೀತಗಾರರಿಗೆ ಹೆಚ್ಚು ತೊಂದರೆ ಕೊಡುವುದು ಇದೇ. ಏಳು ರೆಕ್ಕೆಗಳ ಫ್ಯಾನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತಾಗುತ್ತದೆ. ಏಳರಿಂದ ಗುಣಿಸಿದರೆ ಸೆಕೆಂಡಿಗೆ 350 ಮಿಡಿತ, ಅಂದರೆ 350 ಹರ್ಟ್ಸಿನ ಸ್ವರ. ಹಾರ್ಮೋನಿಯಮ್ಮಿನ ಬಿಳಿ ಒಂದರ ಷಡ್ಜ ಸುಮಾರು 261.6 ಹರ್ಟ್ಸ್ ಆಗಿರುವುದರಿಂದ, ಅದರ ಶುದ್ಧ ಮಧ್ಯಮ 348.8ರ ಹತ್ತಿರ ಬೀಳುತ್ತದೆ. ಅಂದರೆ ಆ ಶ್ರುತಿಯಲ್ಲಿ ಯಾರಾದರೂ ಕಲ್ಯಾಣಿ ಹಾಡುತ್ತಿದ್ದರೆ, ರಾಗದಲ್ಲಿ ಇಲ್ಲದ ಈ ಶುದ್ಧ ಮಧ್ಯಮವನ್ನು ಫ್ಯಾನ್ ಬಿಡದೆ ಹಿಡಿದುಕೊಂಡು ಕೂತಿರುತ್ತದೆ. ಸದ್ದು ಸಣ್ಣದಾದರೂ ಕಿವಿ ಅದನ್ನು ಕ್ಷಮಿಸದಿರುವುದಕ್ಕೆ ಕಾರಣ ಇದು.

ಪೆಟ್ಟಿಗೆ ತೆರೆಯುವಾಗ ಪವರ್ ಸಪ್ಲೈ ವಿಷಯದಲ್ಲಿ ಉದಾಸೀನ ಸಲ್ಲದು. 230 ವೋಲ್ಟಿನ ಮನೆ ವಿದ್ಯುತ್ತನ್ನು ನೇರವಾಗಿ ಡಿ.ಸಿ.ಗೆ ತಿರುಗಿಸುವ ಸ್ವಿಚಿಂಗ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ, ಮತ್ತು ಪ್ಲಗ್ ಕಿತ್ತ ಕ್ಷಣಕ್ಕೆ ಅದು ಮಾಯವಾಗುವುದಿಲ್ಲ. ಸ್ವಲ್ಪ ಹೊತ್ತು ಕಾದು, ಮಲ್ಟಿಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಕೈ ಹಾಕಬೇಕು.

ಹಳೆಯ ಫ್ಯಾನಿನ ನಡುವಿನ ಚೀಟಿಯಲ್ಲಿ ವೋಲ್ಟೇಜ್ ಮತ್ತು ಆಂಪಿಯರ್ ಬರೆದಿರುತ್ತದೆ. 12 ವೋಲ್ಟ್ ಎಂದು ಊಹಿಸಿಕೊಳ್ಳಬಾರದು. 5 ಮತ್ತು 24 ವೋಲ್ಟಿನವೂ ಇವೆ. ಅಳತೆಗೆ ಚೌಕಟ್ಟಿನ ಅಗಲ, ದಪ್ಪ ಎರಡೂ ಬೇಕು. 60 ಮಿ.ಮೀ. ಫ್ಯಾನಿನ ಸ್ಕ್ರೂ ರಂಧ್ರಗಳ ನಡುವಿನ ಅಂತರ 50 ಮಿ.ಮೀ., 80ರದ್ದರಲ್ಲಿ 71.5. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗುವವರು ಹಳೆಯ ಫ್ಯಾನನ್ನೇ ಜೊತೆಗೆ ಒಯ್ದರೆ ಎರಡನೆಯ ಸಲ ಹೋಗುವುದು ತಪ್ಪುತ್ತದೆ.

ಹೊಸದನ್ನು ಆರಿಸುವಾಗ ಬಹಳ ಮಂದಿ ಡೆಸಿಬೆಲ್ ಸಂಖ್ಯೆಯನ್ನಷ್ಟೇ ನೋಡುತ್ತಾರೆ, ಮತ್ತು ತಪ್ಪು ಆಗುವುದು ಇಲ್ಲಿಯೇ. ಫ್ಯಾನಿನ ವೇಗ ಇಳಿದಂತೆ ಗಾಳಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಆದರೆ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. 3000 ಸುತ್ತಿನ ಫ್ಯಾನನ್ನು ಅದೇ ವಿನ್ಯಾಸದ 2000 ಸುತ್ತಿನದಕ್ಕೆ ಬದಲಿಸಿದರೆ ಸದ್ದು ಸುಮಾರು 9 ಡೆಸಿಬೆಲ್ ತಗ್ಗುತ್ತದೆ. ಗಾಳಿ ಮೂರರಲ್ಲಿ ಎರಡು ಪಾಲು, ಒತ್ತಡ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. (ಸ್ವರವೂ 233 ಹರ್ಟ್ಸಿಗೆ, ಅಂದರೆ ಮಂದ್ರದ ಕೈಶಿಕಿ ನಿಷಾದಕ್ಕೆ ಇಳಿಯುತ್ತದೆ, ಕಲ್ಯಾಣಿಗೆ ಅದೂ ಅನ್ಯಸ್ವರವೇ.) ತಯಾರಕರು ಕೊಡುವ ಗರಿಷ್ಠ ಸಿ.ಎಫ್.ಎಂ. (ನಿಮಿಷಕ್ಕೆ ಸಾಗುವ ಗಾಳಿ, ಘನ ಅಡಿಗಳಲ್ಲಿ) ಅಂಕಿ ಮುಂದೆ ಯಾವ ಅಡ್ಡಿಯೂ ಇಲ್ಲದ ಬಯಲಿನದು; ಇಕ್ಕಟ್ಟಾದ ಪೆಟ್ಟಿಗೆಯಲ್ಲಿ, ದೂಳು ಕಟ್ಟಿದ ಜಾಲರಿಯ ಹಿಂದೆ, ಒತ್ತಡವಿಲ್ಲದ ಫ್ಯಾನ್ ತಿರುಗುತ್ತದೆಯೇ ಹೊರತು ಗಾಳಿ ಸಾಗಿಸುವುದಿಲ್ಲ. ಹೀಗಾಗಿ ಮೊದಲು ಜಾಲರಿ ಸ್ವಚ್ಛಗೊಳಿಸಿ, ಆಮೇಲೆ ವೇಗ ತಗ್ಗಿಸುವ ಮಾತಾಡುವುದು ಸರಿಯಾದ ಕ್ರಮ. 12 ವೋಲ್ಟಿನ ಫ್ಯಾನನ್ನು 5 ವೋಲ್ಟಿಗೆ ಜೋಡಿಸುವ ಅಗ್ಗದ ಉಪಾಯ ನನಗೆ ಒಪ್ಪಿಗೆಯಿಲ್ಲ. ಕೆಲವು ಫ್ಯಾನುಗಳು ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಹೊರಡುವುದೇ ಇಲ್ಲ.

ತಂತಿ ಎರಡೇ ಇದ್ದರೆ ಧನ, ಋಣ ನೋಡಿ ಜೋಡಿಸಿದರಾಯಿತು. ಮೂರನೆಯದಿದ್ದರೆ ಅದು ಸುದ್ದಿ ಹೇಳುವ ತಂತಿ, ಮತ್ತು ಆ ಸುದ್ದಿ ಸಾಮಾನ್ಯವಾಗಿ ಎರಡು ಬಗೆಯದು. ವೇಗ ತಿಳಿಸುವ ಟ್ಯಾಕೋ ತಂತಿ ಸಾಮಾನ್ಯವಾಗಿ ಸುತ್ತಿಗೆ ಎರಡು ಮಿಡಿತ ಕೊಡುತ್ತದೆ. ಲಾಕ್ ತಂತಿ ಫ್ಯಾನ್ ತಿರುಗುತ್ತಿದೆಯೋ ನಿಂತಿದೆಯೋ ಎಂಬುದನ್ನು ಮಾತ್ರ ಸ್ಥಿರ ಮಟ್ಟದಲ್ಲಿ ತಿಳಿಸುತ್ತದೆ. ಒಂದನ್ನು ನಿರೀಕ್ಷಿಸುವ ಯಂತ್ರಕ್ಕೆ ಇನ್ನೊಂದನ್ನು ಕೊಟ್ಟರೆ, ಗಾಳಿ ಚೆನ್ನಾಗಿಯೇ ಬೀಸುತ್ತಿದ್ದರೂ ಅದು ದೋಷವೆಂದು ತೋರಿಸಬಹುದು. ತಂತಿಯ ಬಣ್ಣವನ್ನೂ ಪೂರ್ತಿ ನಂಬಬಾರದು: ಹಳದಿ ಒಂದು ಕಡೆ ಟ್ಯಾಕೋ ಆಗಿದ್ದರೆ, ಕಂಪ್ಯೂಟರ್ ಫ್ಯಾನುಗಳಲ್ಲಿ ಹಲವೊಮ್ಮೆ 12 ವೋಲ್ಟಿನದಾಗಿರುತ್ತದೆ.

ಹಳೆಯದನ್ನು ಬಿಚ್ಚುವ ಮುನ್ನವೇ ಗಾಳಿಯ ದಿಕ್ಕನ್ನು ಗುರುತು ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಗುಂಭವನ್ನು ಹಿಡಿದಿರುವ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬೀಳುತ್ತದೆ. ಸ್ಕ್ರೂಗಳ ಬದಲು ಸಿಲಿಕೋನಿನ (ರಬ್ಬರಿನಂತೆ ಮೆತ್ತನೆಯ) ಮೊಳೆಗಳನ್ನು ಬಳಸಿದರೆ ನಡುಕ ತಗಡಿಗೆ ದಾಟುವುದು ಕಡಿಮೆಯಾಗುತ್ತದೆ.

ಕೆಲಸ ಮುಗಿಯಿತೆನ್ನಲು ಎರಡು ಅಳತೆಗಳು ಬೇಕು, ಎರಡನ್ನೂ ಹಳೆಯ ಫ್ಯಾನ್ ಇರುವಾಗಲೇ ಒಮ್ಮೆ ಮಾಡಿಟ್ಟುಕೊಂಡಿರಬೇಕು. ಮೊದಲನೆಯದು, ಮುಚ್ಚಳ ಹಾಕಿ ಒಂದು ಗಂಟೆ ನಡೆಸಿದ ಮೇಲೆ ಹೀಟ್‌ಸಿಂಕಿನ (ಶಾಖ ಹೊರಹಾಕುವ ಲೋಹದ ತುಂಡಿನ) ಉಷ್ಣತೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಅರ್ಧವಾಗುತ್ತದೆ ಎಂಬ ರೂಢಿಯ ಲೆಕ್ಕವನ್ನು ಹಿಡಿದರೆ, ಒಳಗಿನ ಶಾಖ ಅಷ್ಟು ಏರಿದ್ದಲ್ಲಿ ಇನ್ನೂ ಸ್ವಲ್ಪ ವೇಗದ ಫ್ಯಾನನ್ನೇ ಹುಡುಕಬೇಕಾಗುತ್ತದೆ. ಎರಡನೆಯದು, ಹಾಡುವವರು ಕೂರುವ ಜಾಗದಲ್ಲಿ ಮೈಕ್ ಇಟ್ಟು ಖಾಲಿ ಕೋಣೆಯನ್ನು ಒಂದು ನಿಮಿಷ ಮುದ್ರಿಸಿ ಸ್ಪೆಕ್ಟ್ರಮ್ (ಯಾವ ಹರ್ಟ್ಸಿನಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ) ನೋಡುವುದು. ಕಡಿಮೆ ವೇಗದ ಫ್ಯಾನ್ ಹಾಕಿದ ಮೇಲೂ 350ರ ಬಳಿಯ ಗೆರೆ ಹಾಗೆಯೇ ಉಳಿದಿದ್ದರೆ ಆ ಸ್ವರ ಹಾಡುತ್ತಿದ್ದುದು ಈ ಪೆಟ್ಟಿಗೆಯಲ್ಲ. ರ‍್ಯಾಕಿನಲ್ಲಿ ಅದರ ಕೆಳಗಿರುವ ಪವರ್ ಆಂಪ್ಲಿಫೈಯರನ್ನು ಒಮ್ಮೆ ಆಫ್ ಮಾಡಿ, ಮತ್ತೆ ಮುದ್ರಿಸಿ ನೋಡಬೇಕು.