ವಿಷಯ ಗೊತ್ತಿದೆ, ಎಲ್ಲರ ಮುಂದೆ ಹೇಳೋಕೆ ಬರಲ್ಲ. ಇದು ಕಲಿತರೆ ಬರುತ್ತಾ?

ಓದುಗರ ಪ್ರಶ್ನೆ: ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪಾಠ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತೇನೆ, ಗೆಳೆಯರಿಗೆ ಹೇಳಿಯೂ ಕೊಡುತ್ತೇನೆ. ಆದರೆ ಸೆಮಿನಾರ್ ಅಂತ ಎದ್ದು ನಿಂತ ತಕ್ಷಣ ಕೈ ನಡುಗುತ್ತದೆ, ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಈ ಸೆಮಿಸ್ಟರ್‌ನಲ್ಲಿ ಬಿಸಿನೆಸ್ ಕಮ್ಯುನಿಕೇಶನ್ ಪೇಪರ್ ಬೇರೆ ಇದೆ. ಇದೆಲ್ಲ ಕಲಿತರೆ ಬರುತ್ತದಾ, ಅಥವಾ ಹುಟ್ಟು ಮಾತುಗಾರರಿಗೆ ಮಾತ್ರನಾ?

ಉತ್ತರ: ಕಲಿತರೆ ಬರುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಾನೂ ಇದೇ ಪೇಪರ್ ಓದಿದ್ದೇನೆ. ಮೊದಲ ದಿನ ತಮ್ಮ ಹೆಸರು ಹೇಳೋಕೂ ತಡವರಿಸಿದವರು ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೆಟ್ಟಗೆ ನಿಂತು ಮಾತಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರಿಗೆಲ್ಲ ಧೈರ್ಯ ಬಂದದ್ದು ಆಮೇಲೆ. ಮೊದಲು ಕಲಿತದ್ದು, ಎದುರು ಕೂತವರಿಗೆ ನನ್ನಿಂದ ಏನು ಬೇಕು ಅಂತ ಯೋಚಿಸೋದನ್ನು.

ಭಯದ ಮಾತು ಮೊದಲು ಮುಗಿಸೋಣ. ಎದೆ ಹೊಡೆದುಕೊಳ್ಳೋದು, ಬಾಯಿ ಒಣಗೋದು, ಕೈ ನಡುಗೋದು, ಇದೆಲ್ಲ ಅಡ್ರಿನಲಿನ್ ಅನ್ನೋ ಹಾರ್ಮೋನಿನ ಕೆಲಸ. ಚೆನ್ನಾಗಿ ಮಾತಾಡುವವರಿಗೂ ಆಗುತ್ತದೆ. ತೊಂದರೆ ಶುರುವಾಗೋದು, ಒಳಗೆ ಆಗುತ್ತಿರುವುದೆಲ್ಲ ಎದುರಿನವರಿಗೆ ಕಾಣುತ್ತಿದೆ ಅಂತ ನಾವು ನಂಬಿದಾಗ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಭಾಷಣ ಮಾಡಿದವರು ತಮ್ಮ ಗಾಬರಿ ಎಷ್ಟು ಕಾಣಿಸಿತು ಅಂದುಕೊಂಡಿದ್ದರೋ, ಕೇಳಿದವರಿಗೆ ಅಷ್ಟು ಕಂಡಿರಲಿಲ್ಲ. ಅಷ್ಟೇ ಅಲ್ಲ, "ನಿಮ್ಮ ಗಾಬರಿ ನೀವು ಅಂದುಕೊಂಡಷ್ಟು ಹೊರಗೆ ಕಾಣಲ್ಲ" ಅಂತ ಮೊದಲೇ ತಿಳಿಸಿದವರ ಭಾಷಣ ಉಳಿದವರಿಗಿಂತ ಚೆನ್ನಾಗಿ ಬಂತು. ಅವರಿಗೂ ಹಾಗನ್ನಿಸಿತು, ನೋಡಿದವರಿಗೂ ಹಾಗನ್ನಿಸಿತು. ಈಗ ಈ ವಿಷಯ ನಿಮಗೂ ಗೊತ್ತಾಯಿತಲ್ವಾ, ಅರ್ಧ ಭಾರ ಇಳಿಸಿಬಿಡಿ.

ಇನ್ನೊಂದು ಸಣ್ಣ ಉಪಾಯ ಇದೆ. ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ತೋರಿಸಿದ್ದು. ಮಾತಾಡುವ ಮುಂಚೆ "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ, "ನನಗೆ ಉತ್ಸಾಹ ಬಂದಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಭಯದಲ್ಲೂ ಎದೆ ಹೊಡೆದುಕೊಳ್ಳುತ್ತದೆ, ಉತ್ಸಾಹದಲ್ಲೂ ಹೊಡೆದುಕೊಳ್ಳುತ್ತದೆ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗೋದು ಸುಲಭ. ಓಡುತ್ತಿರುವ ಎದೆಗೆ ಸುಮ್ಮನಿರು ಅಂದರೆ ಅದು ಕೇಳಲ್ಲ. ಮತ್ತೆ, ಕೈ ನಡುಗುವವರು ತೆಳು ಹಾಳೆ ಹಿಡಿಯಬೇಡಿ, ನಡುಕ ಹಾಳೆಯ ತುದಿಯಲ್ಲಿ ಎದ್ದು ಕಾಣುತ್ತದೆ. ಗಟ್ಟಿ ರಟ್ಟಿನ ಚಿಕ್ಕ ಕಾರ್ಡ್ ಹಿಡಿಯಿರಿ.

ಇನ್ನು ಮುಖ್ಯ ವಿಷಯ. ನಮ್ಮ ತರಗತಿಯಲ್ಲಿ ಒಬ್ಬಳು ಲೈಬ್ರರಿ ಬಗ್ಗೆ ಪ್ರೆಸೆಂಟೇಶನ್ ಮಾಡಿದ್ದಳು. ಶ್ರದ್ಧೆಯಿಂದ ಸಮೀಕ್ಷೆ ಮಾಡಿದ್ದಳು, ಚಾರ್ಟ್ ಹಾಕಿದ್ದಳು. ಸ್ಲೈಡುಗಳ ತಲೆಬರಹ ಹೀಗಿದ್ದವು: ಪೀಠಿಕೆ, ಉದ್ದೇಶ, ವಿಧಾನ, ಸಮೀಕ್ಷೆಯ ಫಲಿತಾಂಶ, ಉಪಸಂಹಾರ. ಎಲ್ಲ ಮುಗಿದ ಮೇಲೆ ಮೇಡಂ ಒಂದೇ ಪ್ರಶ್ನೆ ಕೇಳಿದರು. "ನಾನು ಲೈಬ್ರರಿ ನೋಡಿಕೊಳ್ಳುವವಳು ಅಂದುಕೋ. ಇದನ್ನೆಲ್ಲ ಕೇಳಿ ನಾಳೆ ಬೆಳಿಗ್ಗೆ ನಾನೇನು ಮಾಡಬೇಕು?" ಅವಳು ಒಂದು ಗಳಿಗೆ ಸುಮ್ಮನಿದ್ದು, "ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಎರಡು ಗಂಟೆ ಜಾಸ್ತಿ ತೆರೆದಿಡಬೇಕು ಮೇಡಂ" ಅಂದಳು. "ಹಾಗಾದರೆ ಅದನ್ನೇ ಮೊದಲು ಹೇಳು" ಅಂದರು.

ಮುಂದಿನ ಸಲ ಅವಳು ಅದನ್ನೇ ಮೊದಲು ಹೇಳಿದಳು. "ಸಮೀಕ್ಷೆಯ ಫಲಿತಾಂಶ" ಅನ್ನೋ ತಲೆಬರಹದ ಜಾಗದಲ್ಲಿ "ಹಾಸ್ಟೆಲ್ ವಿದ್ಯಾರ್ಥಿಗಳಿಗೆ ರಾತ್ರಿ ಓದಲು ಬೇರೆ ಜಾಗ ಇಲ್ಲ" ಅಂತ ಬಂತು. ಆಮೇಲಿನದ್ದಕ್ಕೆ "ಒಬ್ಬ ಸಿಬ್ಬಂದಿ ಹೆಚ್ಚಿಗೆ ಇದ್ದರೆ ಸಾಕು". ಚಾರ್ಟ್ ಅದೇ, ಅಂಕಿಅಂಶ ಅದೇ. ತಲೆಬರಹಗಳನ್ನಷ್ಟೇ ಓದಿಕೊಂಡು ಹೋದರೂ ವಾದ ಪೂರ್ತಿ ಸಿಗುತ್ತಿತ್ತು. ಮತ್ತೆ ನಾನು ಗಮನಿಸಿದ್ದು, ಆ ಸಲ ಅವಳು ತಡವರಿಸಿದ್ದು ಬಹಳ ಕಡಿಮೆ. ಏನು ಕೇಳೋಕೆ ನಿಂತಿದ್ದೇನೆ ಅನ್ನೋದು ಖಚಿತವಾಗಿದ್ದಾಗ ಮಾತು ಮರೆತರೂ ದಾರಿ ತಪ್ಪಲ್ಲ, ಬೇರೆ ಪದದಲ್ಲಿ ಅಲ್ಲಿಗೇ ಹೋಗಬಹುದು. ಉರು ಹೊಡೆದವರಿಗೆ ಈ ಅನುಕೂಲ ಇಲ್ಲ. ಒಂದು ಪದ ಜಾರಿದರೆ ಮುಂದಿನ ಸಾಲೂ ಜಾರುತ್ತದೆ. ಹಾಗಾಗಿ ಬಾಯಿಪಾಠ ಮಾಡೋದಾದರೆ ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾಡಿ, ನಡುವಿನದ್ದನ್ನು ಬರೀ ಅಂಶಗಳಾಗಿ ಇಟ್ಟುಕೊಳ್ಳಿ. ಪೂರ್ತಿ ಹಿಡಿತ ಇಲ್ಲದ ಭಾಷೆಯಲ್ಲಿ ಮಾತಾಡಬೇಕಾದಾಗಲಂತೂ ಇದು ತುಂಬಾ ಸಹಾಯ ಮಾಡುತ್ತದೆ, ಯಾಕಂದ್ರೆ ಜಾಸ್ತಿ ಒದ್ದಾಟ ಇರೋದು ಶುರುವಿನಲ್ಲಿ.

ಪಾಠ ಚೆನ್ನಾಗಿ ಗೊತ್ತಿದೆ ಅಂದಿರಲ್ಲ, ಕೆಲವು ಸಲ ಅದೇ ಅಡ್ಡಿ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ತಟ್ಟಿದವರು ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಸರಿಯಾಗಿ ಗುರುತಿಸಿದ್ದು ಮೂರನ್ನು. ತಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್. ನಾವು ಸೆಮಿನಾರ್‌ನಲ್ಲಿ ಮಾಡೋದೂ ಇದೇ ಅಲ್ವಾ? ನಮ್ಮ ತಲೆಯಲ್ಲಿ ಇಡೀ ಅಧ್ಯಾಯ ಇರುತ್ತದೆ, ಬಾಯಿಂದ ಬರೋದು ಮೂರು ಪಾರಿಭಾಷಿಕ ಪದ. ಅದಕ್ಕೇ, ನಿಮ್ಮ ವಿಷಯ ಓದದ ಒಬ್ಬರ ಮುಂದೆ ಒಮ್ಮೆ ಹೇಳಿ ನೋಡಿ. "ಚೆನ್ನಾಗಿತ್ತಾ?" ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. "ನಾನು ಹೇಳಿದ್ದು ಏನು, ಒಂದು ಸಲ ಹೇಳಿ" ಅನ್ನಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ.

ಸ್ಲೈಡ್ ಬಗ್ಗೆ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಅಷ್ಟು ವರ್ಷ ಆದರೂ ಸ್ಲೈಡ್ ತುಂಬಾ ಅಕ್ಷರ ತುಂಬಿ, ಪರದೆ ಕಡೆ ತಿರುಗಿ, ಅದನ್ನೇ ಓದುವ ಅಭ್ಯಾಸ ಹೋಗಿಲ್ಲ. ಇದು ಶಿಸ್ತಿನ ಪ್ರಶ್ನೆ ಅಲ್ಲ, ಮಿದುಳಿನ ಪ್ರಶ್ನೆ. ಚಿತ್ರ ತೋರಿಸುತ್ತಾ ಮಾತಿನಲ್ಲಿ ವಿವರಿಸಿದರೆ ಜನ ಚೆನ್ನಾಗಿ ಕಲಿಯುತ್ತಾರೆ, ಅದೇ ಮಾತನ್ನು ಅಕ್ಷರದಲ್ಲೂ ಪರದೆ ಮೇಲೆ ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ ಅಂತ ಮನೋವಿಜ್ಞಾನಿ ರಿಚರ್ಡ್ ಮೇಯರ್ ಮತ್ತು ಅವರ ಜೊತೆಗಾರರ ಪ್ರಯೋಗಗಳು ತೋರಿಸಿವೆ. ಓದೋದು, ಕೇಳೋದು ಎರಡನ್ನೂ ಒಟ್ಟಿಗೆ ಮಾಡಿಸಿದರೆ ಎರಡೂ ಅರೆಬರೆ.

ತಲೆಬರಹಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅನ್ನೋದಕ್ಕೆ ಒಂದು ನೋವಿನ ಉದಾಹರಣೆ ಇದೆ. 2003ರ ಜನವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೇಲೇರುವಾಗ ಇಂಧನ ಟ್ಯಾಂಕಿನ ಮೇಲಿದ್ದ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿರುವಾಗಲೇ ಎಂಜಿನಿಯರುಗಳು ನಾಸಾ ಅಧಿಕಾರಿಗಳಿಗೆ ಸ್ಲೈಡ್ ತೋರಿಸಿದರು. ಅದರಲ್ಲಿ ಒಂದರ ತಲೆಬರಹ ಓದಿದರೆ ಗಾಬರಿಯಾಗುವಂಥದ್ದೇನೂ ಇಲ್ಲ ಅನ್ನಿಸುವ ಹಾಗಿತ್ತು. ಹಿಂದೆ ಪರೀಕ್ಷೆಗೆ ಬಳಸಿದ್ದ ತುಂಡು 3 ಘನ ಇಂಚು, ಈಗ ಬಡಿದದ್ದು 1,920 ಘನ ಇಂಚಿನ ಲೆಕ್ಕದ್ದು, ಅಂದರೆ ಹಳೇ ಪರೀಕ್ಷೆಯ ಮೇಲೆ ಭರವಸೆ ಇಡುವಂತಿಲ್ಲ. ಈ ಮಾತು ಅದೇ ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿ ಸಣ್ಣದಾಗಿ ಕೂತಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಸ್ಲೈಡಿನಿಂದಲೇ ಹಾಗಾಯಿತು ಅಂತ ಯಾರೂ ಹೇಳುವುದಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಎತ್ತಿ ತೋರಿಸಿತು. ಇಂಥ ಸ್ಲೈಡ್ ಓದಿದ ಹಿರಿಯ ಅಧಿಕಾರಿಗೆ ಇದು ಜೀವದ ಪ್ರಶ್ನೆ ಅಂತ ಹೊಳೆಯದೇ ಹೋಗಬಹುದು ಅಂತ ಬರೆಯಿತು. ನಿಮ್ಮ ಮುಖ್ಯ ಮಾತು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಇರಲಿ.

ಒಂದು ಸಣ್ಣ ಕೀ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ಲೈಡ್ ಷೋ ಓಡುತ್ತಿರುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತದೆ. ಮುಖ್ಯವಾದದ್ದನ್ನು ಹೇಳುವಾಗ ಒತ್ತಿ ನೋಡಿ, ಎಲ್ಲರ ಕಣ್ಣೂ ನಿಮ್ಮ ಕಡೆ ತಿರುಗುತ್ತದೆ.

ನಿಮ್ಮ ನೋಟ್ಸಿನಲ್ಲಿ ಬಹುಶಃ ಇನ್ನೊಂದು ಮಾತು ಇರುತ್ತದೆ. ಸಂವಹನದಲ್ಲಿ ಪದಗಳದ್ದು ಶೇ. 7, ದನಿಯದ್ದು ಶೇ. 38, ಮುಖ ಮತ್ತು ಮೈಭಾಷೆಯದ್ದು ಶೇ. 55 ಅಂತ. ದಯವಿಟ್ಟು ಇದನ್ನು ನಂಬಿ ಹೇಳುವ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಅಲ್ಲಿ ಜನ ಕೇಳಿದ್ದು ಬಿಡಿ ಬಿಡಿ ಪದಗಳನ್ನು, ಬೇರೆ ಬೇರೆ ದನಿಯಲ್ಲಿ, ಜೊತೆಗೆ ಮುಖದ ಫೋಟೋ ನೋಡಿಕೊಂಡು. ಹೇಳಬೇಕಿದ್ದದ್ದು ಈ ವ್ಯಕ್ತಿಗೆ ಇಷ್ಟವಿದೆಯಾ ಇಲ್ಲವಾ ಅಂತ ಮಾತ್ರ. ಭಾವನೆ, ಒಲವಿನ ಮಾತಿಗಷ್ಟೇ ಇದು ಅನ್ವಯಿಸುತ್ತದೆ ಅಂತ ಸ್ವತಃ ಮೆಹ್ರಾಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಪದಗಳದ್ದು ಬರೀ ಶೇ. 7 ಆಗಿದ್ದರೆ ಗೊತ್ತಿಲ್ಲದ ಭಾಷೆಯ ಪಾಠವೂ ನಮಗೆ ಅರ್ಥವಾಗಬೇಕಿತ್ತು. ನೆಟ್ಟಗೆ ನಿಲ್ಲೋದು, ಜನರ ಕಣ್ಣು ನೋಡಿ ಮಾತಾಡೋದು ಖಂಡಿತ ಬೇಕು. ಆದರೆ ಸರಕು ಇಲ್ಲದಿದ್ದರೆ ಅವು ಕಾಪಾಡಲ್ಲ.

ಅಭ್ಯಾಸ ಅಂದರೆ ಎದ್ದು ನಿಂತು ದನಿ ತೆಗೆದು ಹೇಳೋದು. ಮನಸ್ಸಿನಲ್ಲೇ ಓದಿಕೊಂಡರೆ ಎಲ್ಲವೂ ಸುಲಲಿತ ಅನ್ನಿಸುತ್ತದೆ, ಸಮಯದ ಲೆಕ್ಕವೂ ತಪ್ಪುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಎಷ್ಟು ಸಲ "ಆ್ಯಂ", "ಏನಂದ್ರೆ", "ಸೋ" ಬರುತ್ತದೆ ಅಂತ ಆಗಲೇ ಗೊತ್ತಾಗೋದು. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಶುರು ಮಾಡಿದ, ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಇವನ್ನು ಎಣಿಸೋಕೆ ಅಂತಲೇ ಸಭೆಯಲ್ಲಿ ಒಬ್ಬರು ಕೂತಿರುತ್ತಾರೆ. ಅಲ್ಲಿ ಸಾಮಾನ್ಯ ಭಾಷಣ ಐದರಿಂದ ಏಳು ನಿಮಿಷ, ಸಮಯ ನೋಡೋಕೆ ಇನ್ನೊಬ್ಬರು, ತಿದ್ದೋಕೆ ಮತ್ತೊಬ್ಬರು. ಕ್ಲಬ್ಬು ಇಲ್ಲದಿದ್ದರೆ ಮೂವರು ಗೆಳೆಯರು ಸೇರಿ ಇದನ್ನೇ ಮಾಡಬಹುದು. ಆ "ಆ್ಯಂ" ಜಾಗದಲ್ಲಿ ಸುಮ್ಮನಿರೋದನ್ನು ಕಲಿಯಿರಿ. ನಿಮಗೆ ತುಂಬಾ ಹೊತ್ತು ಅನ್ನಿಸುವ ಮೌನ ಕೇಳುವವರಿಗೆ ಉಸಿರು ಬಿಡುವಷ್ಟೇ.

ಪ್ರಶ್ನೋತ್ತರಕ್ಕೆ ಹೆದರುವವರಿಗೆ ಎರಡೇ ಮಾತು. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಯೋಚಿಸೋಕೆ ಸಮಯವೂ ಸಿಗುತ್ತದೆ, ಹಿಂದೆ ಕೂತವರಿಗೂ ಕೇಳಿಸುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ ಅನ್ನಿ, ಮತ್ತೆ ಹೇಳಿದ ಹಾಗೆ ತಿಳಿಸಿ. ಗುಂಪಿನಲ್ಲಿ ಮಾಡೋದಾದರೆ "ನೀನು ಮೊದಲ ಐದು ಸ್ಲೈಡ್, ನಾನು ಆಮೇಲಿನದ್ದು" ಅಂತ ಹಂಚಿಕೊಂಡು ಸುಮ್ಮನಾಗಬೇಡಿ, ಎಲ್ಲರಿಗೂ ಎಲ್ಲ ಸ್ಲೈಡೂ ಗೊತ್ತಿರಬೇಕು. ಪ್ರಶ್ನೆ ಕೇಳುವವರು ಯಾರ ಪಾಲು ಯಾವುದು ಅಂತ ನೋಡಿ ಕೇಳಲ್ಲ.

ಇನ್ನು ಬರವಣಿಗೆ. ಈ ಪೇಪರ್‌ನಲ್ಲಿ ವಿದ್ಯಾರ್ಥಿಗಳು ಉದಾಸೀನ ಮಾಡುವ ಭಾಗ ಇದು, ಕೆಲಸಕ್ಕೆ ಸೇರಿದ ಮೇಲೆ ದಿನಾ ಬೇಕಾಗುವ ಭಾಗವೂ ಇದೇ. 2004ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ, ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತರಬೇಕು ಅಂದರು. ಬುಲೆಟ್ ಪಾಯಿಂಟುಗಳ ಹಿಂದೆ ಅರೆಬೆಂದ ಯೋಚನೆಯನ್ನು ಬಚ್ಚಿಡಬಹುದು, ಒಂದರಿಂದ ಇನ್ನೊಂದು ಹುಟ್ಟುವ ವಾಕ್ಯಗಳಲ್ಲಿ ಅದು ಕಷ್ಟ. ಸ್ಲೈಡ್ ಮಾಡುವ ಮುಂಚೆ ನಿಮ್ಮ ವಿಷಯವನ್ನು ಒಂದು ಪುಟ ಬರೆದು ನೋಡಿ, ಎಲ್ಲಿ ಜಾರುತ್ತಿದ್ದೀರಿ ಅಂತ ಅಲ್ಲೇ ಸಿಗುತ್ತದೆ.

ಮೇಲ್ ಬರೆಯೋದಕ್ಕೂ ಲೈಬ್ರರಿ ಪ್ರೆಸೆಂಟೇಶನ್ ಆದ ಮೇಲೆ ಮೇಡಂ ಕೇಳಿದ "ನಾನೇನು ಮಾಡಬೇಕು?" ಅನ್ನೋ ಪ್ರಶ್ನೆಯೇ ಸಾಕು. ನಾವು ಸಾಮಾನ್ಯವಾಗಿ ಬರೆಯೋದು ಹೀಗೆ: ವಿಷಯ ಅನ್ನೋ ಕಡೆ "ಪ್ರಾಜೆಕ್ಟ್ ಬಗ್ಗೆ", ಒಳಗೆ ನಾನು ಯಾರು, ಯಾವ ತರಗತಿ, ಏನೇನು ಆಯಿತು, ಯಾಕೆ ತಡವಾಯಿತು, ಕೊನೆಯ ಸಾಲಿನಲ್ಲಿ ಕೇಳಬೇಕಾದ್ದು. ಫೋನಿನಲ್ಲಿ ಮೇಲ್ ತೆರೆದವರು ಅಲ್ಲಿಗೆ ಬರುವ ಮುಂಚೆಯೇ ಮುಚ್ಚಿರುತ್ತಾರೆ. ಇದನ್ನೇ ತಿರುಗಿಸಿ ಬರೆಯಿರಿ. ವಿಷಯ: "ಪ್ರಾಜೆಕ್ಟ್ ವರದಿ: ಶುಕ್ರವಾರದವರೆಗೆ ಸಮಯ ಕೋರಿಕೆ". ಒಳಗೆ ಮೊದಲ ವಾಕ್ಯ: "ಮೇಡಂ, ಬುಧವಾರ ಕೊಡಬೇಕಿದ್ದ ವರದಿಯನ್ನು ಶುಕ್ರವಾರ ಸಂಜೆ ಕೊಡಬಹುದೇ?" ಆಮೇಲೆ ಒಂದೆರಡು ಸಾಲಿನಲ್ಲಿ ಕಾರಣ, ಈವರೆಗೆ ಮುಗಿದಿರುವ ಭಾಗ, ನಿಮ್ಮ ಹೆಸರು, ತರಗತಿ. ಓದಿದವರು ನಿಂತಲ್ಲೇ ಆಗಲಿ ಅನ್ನಬಹುದು. ಒಂದು ಮೇಲ್‌ನಲ್ಲಿ ಒಂದೇ ಕೋರಿಕೆ ಇರಲಿ. ಎರಡು ಕೇಳಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ, ಇನ್ನೊಂದಕ್ಕೆ ನೀವು ಮತ್ತೆ ಬರೆಯಬೇಕಾಗುತ್ತದೆ.