ದಾಳಿಂಬೆ ಸಿಪ್ಪೆಯ ಜೆಲ್‌ಗೆ ಪ್ರಿಸರ್ವೇಟಿವ್ ಬೇಕೇ?

ಪ್ರಶ್ನೆ: ಕುಷ್ಟಗಿ ಕಡೆಯ ದಾಳಿಂಬೆ ಸಿಪ್ಪೆಯಿಂದ ನಮ್ಮ ಸಂಘದವರು ಮುಖಕ್ಕೆ ಹಚ್ಚುವ ಜೆಲ್ ಮಾಡುತ್ತಿದ್ದೇವೆ. ಪೂರ್ತಿ ಗಿಡಮೂಲಿಕೆ, ಮೇಲಾಗಿ ಆಂಟಿಆಕ್ಸಿಡೆಂಟ್. ಕ್ರಿಮಿ ಬೆಳೆದು ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಬಿಟ್ಟರೆ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಆಂಟಿಆಕ್ಸಿಡೆಂಟ್ ತಡೆಯುವುದು ಆಮ್ಲಜನಕದ ಹಾವಳಿಯನ್ನು. ಬೂಷ್ಟು, ಬ್ಯಾಕ್ಟೀರಿಯಾದ ಮಾತೇ ಬೇರೆ. ವಿಟಮಿನ್ ಇ ಹಾಕಿದರೆ ಎಣ್ಣೆ ಬೇಗ ಕಮಟುವುದಿಲ್ಲ, ಅಷ್ಟೇ. ನಿಮ್ಮ ಜೆಲ್‌ನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರು. ಅದರಲ್ಲಿ ಸಿಪ್ಪೆಯಿಂದ ಬಂದ ಸಕ್ಕರೆ, ಹೊರಗೆ ನಮ್ಮ ಕೊಪ್ಪಳ-ರಾಯಚೂರಿನ ಸೆಕೆ, ದಿನಾ ಡಬ್ಬಿಗಿಳಿಯುವ ಬೆರಳು. ಕ್ರಿಮಿ ಬೆಳೆಯಲು ಇನ್ನೇನು ಬೇಕು? ‘ಸಿಪ್ಪೆಯ ಒಗರಿನ ಅಂಶವಾದ ಟ್ಯಾನಿನ್ನೇ ಕ್ರಿಮಿ ಕೊಲ್ಲುತ್ತದಲ್ಲ’ ಎನ್ನುತ್ತಾರೆ. ಲ್ಯಾಬಿನಲ್ಲಿ ಗಾಢ ಸಾರ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಜೆಲ್‌ಗೆ ಬೀಳುವುದು ತೆಳು ಸಾರ, ಅದನ್ನು ನಂಬಿ ತಿಂಗಳುಗಟ್ಟಲೆ ಇಡುವಂತಿಲ್ಲ. ಫ್ರಿಜ್ ಅವುಗಳ ಬೆಳವಣಿಗೆ ನಿಧಾನಿಸುತ್ತದೆ, ಕೊಲ್ಲುವುದಿಲ್ಲ. ವಾಸನೆ ಬಂದಿಲ್ಲ, ಬಣ್ಣ ಕೆಟ್ಟಿಲ್ಲ ಎಂಬುದೂ ಪುರಾವೆಯಲ್ಲ. ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ಜೆಲ್ ತಿಳಿಯಾಗಿಯೇ ಕಾಣಬಹುದು. ಅದನ್ನೇ ಮೊಡವೆ ಒಡೆದ ಚರ್ಮಕ್ಕೆ ಹಚ್ಚುತ್ತೀರಿ!

ಇನ್ನು ಜೆಲ್ ಮಾಡುವ ಬಗೆ. ಮೊದಲು ಸಾರಕ್ಕೆ: ನೆರಳಲ್ಲಿ ಒಣಗಿಸಿದ ಸಿಪ್ಪೆಯ ಪುಡಿ 10 ಗ್ರಾಂ, ಗ್ಲಿಸರಿನ್ 70 ಗ್ರಾಂ, ಡಿಸ್ಟಿಲ್ಡ್ ನೀರು 30 ಗ್ರಾಂ. ಗಾಜಿನ ಬಾಟಲಿಯಲ್ಲಿ ಮೂರು ದಿನ ಫ್ರಿಜ್‌ನಲ್ಲಿಟ್ಟು, ಆಗಾಗ ಕುಲುಕಿ ಸೋಸಿ. ಕಬ್ಬಿಣದ ಪಾತ್ರೆ ಬೇಡ, ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಮಸಿಯಂತೆ ಕಪ್ಪಾಗುತ್ತದೆ. 100 ಗ್ರಾಂ ಜೆಲ್‌ಗೆ ಡಿಸ್ಟಿಲ್ಡ್ ನೀರು 87 ಗ್ರಾಂ, ಡೈಸೋಡಿಯಂ ಇಡಿಟಿಎ (ನೀರಿನ ಲೋಹದ ಅಂಶ ಹಿಡಿದಿಡುವ ಪುಡಿ) 0.1 ಗ್ರಾಂ, ‘ಕಾರ್ಬೋಪಾಲ್ 940’ (ಜೆಲ್ ಗಟ್ಟಿಯಾಗಿಸುವ ಪುಡಿ) 0.8 ಗ್ರಾಂ. ಕಾರ್ಬೋಪಾಲನ್ನು ಒಮ್ಮೆಲೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಪುಡಿಯಿರುವ ಗಂಟುಗಳಾಗುತ್ತವೆ. ಚಿಟಿಕೆ ಚಿಟಿಕೆಯಾಗಿ ಉದುರಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಸಾರ 10 ಗ್ರಾಂ, ಫಿನಾಕ್ಸಿಎಥನಾಲ್-ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಸಿದ್ಧ ಮಿಶ್ರಣ (ಇದೇ ಪ್ರಿಸರ್ವೇಟಿವ್) 1 ಗ್ರಾಂ ಬೆರೆಸಿ. ಕೊನೆಗೆ ಟ್ರೈಎಥನಾಲಮೈನ್ ಎಂಬ ಕ್ಷಾರವನ್ನು ಹನಿ ಹನಿಯಾಗಿ ಹಾಕಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5 ಬರುವವರೆಗೆ ಮಾತ್ರ. ಕ್ಷಾರ ಹೆಚ್ಚಾದರೆ ಸಾರ ಕಂದಾಗಿ, ಅದರ ಗುಣವೂ ಇಳಿಯುತ್ತದೆ. ಹಚ್ಚುವ ಮುನ್ನ ಮೊಣಕೈ ಒಳಮಡಿಕೆಗೆ ಸವರಿ ಎರಡು ದಿನ ನೋಡಿ.

ಜೆಲ್ ನೀರಾಗುವುದೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕಾರ್ಬೋಪಾಲ್ ಎಳೆಗಳು ಒಂದನ್ನೊಂದು ದೂಡಿ ಹಿಗ್ಗಿದಾಗ ಜೆಲ್ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ದೂಡುವಿಕೆಯನ್ನೇ ಅಡಗಿಸುತ್ತವೆ. ಲೋಳೆಸರದ ತಿರುಳಲ್ಲೂ ಲವಣಗಳಿವೆ, ಫಲ ಅದೇ. ಲೋಳೆಸರ ಬೇಕೇ ಬೇಕೆಂದರೆ ಕಾರ್ಬೋಪಾಲ್ ಬಿಟ್ಟು 1 ಗ್ರಾಂ ಕ್ಸಾಂಥನ್ ಗಮ್ ಎಂಬ ಅಂಟುಪುಡಿಯನ್ನು ಮೊದಲೇ ಸ್ವಲ್ಪ ಗ್ಲಿಸರಿನ್‌ನಲ್ಲಿ ಕಲಸಿ ಹಾಕಿ. ಅದು ಲವಣಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.